ಚಿಕ್ಕಣ್ಣನವರ ಭಾಷಣ, ನೀಲಮ್ಮನವರ ಚಪ್ಪಲಿ

ಕುಂಬಾರಕೊಪ್ಪಲಿನ ಸದಾಶಿವಯ್ಯನವರು ಮನೆಯಲ್ಲೇ ಒಂದು ಉದ್ಯೋಗ ಶುರುಮಾಡಿದ್ದಾರೆಂಬುದು ಬೀದಿಗೆಲ್ಲ ಗೊತ್ತಿತ್ತು. ಅದು ಏನು ಉದ್ಯೋಗ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಾಗಬಾರದೆಂಬುದೇ ಆ ಉದ್ಯೋಗದ ಮೊದಲ ನಿಯಮವಾಗಿದ್ದರಿಂದ ಇದನ್ನು ಅವರ ಯಶಸ್ಸೆಂದೇ ಎಣಿಸಬೇಕು. ಆದರೆ ಯಾರಿಗೂ ಗೊತ್ತಾಗದಿದ್ದರೆ ಗಿರಾಕಿಗಳು ಬರುವುದು ಹೇಗೆ ಎಂಬ ಪ್ರಶ್ನೆ ಅವರ ನಿದ್ದೆ ಕೆಡಿಸಿತು. ಅದರ ಫಲವಾಗಿ ಗೇಟಿಗೆ ಒಂದು ಬೋರ್ಡು ಬಂತು.

ಸದಾಶಿವಯ್ಯನವರು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟಾಗಿದ್ದವರು. ಹಗಲೆಲ್ಲ ಟೈಪು ಹೊಡೆದು, ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮಾಡಿಕೊಂಡವರು. ಆ ಕಾರ್ಖಾನೆಯಲ್ಲಿ ನಿವೃತ್ತರಾದ ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ಬೀಳ್ಕೊಡುಗೆಯ ದಿನ ಗದ್ಗದಿತರಾಗಿ ಆಡಿದ ಮಾತುಗಳು ಸದಾಶಿವಯ್ಯನವರು ಹಿಂದಿನ ದಿನ ತಾವೇ ಬರೆದು ಟೈಪು ಮಾಡಿ ಕೊಟ್ಟಂಥವು. ಎಲ್ಲಿ ಗದ್ಗದಿತರಾಗಬೇಕೆಂಬುದನ್ನೂ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿರುತ್ತಿದ್ದರು. ಆಮೇಲೆ ಕಾರ್ಖಾನೆಗೆ ಕಂಪ್ಯೂಟರ್ ಬಂತು, ಟೈಪ್‌ರೈಟರ್ ಗೋದಾಮಿಗೆ ಹೋಯಿತು, ಸದಾಶಿವಯ್ಯನವರು ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದರು.

ಒಂದು ತಿಂಗಳು ಅವರು ಮನೆಯಲ್ಲೇ ಕುಳಿತಿದ್ದನ್ನು ಕಂಡು ಹೆಂಡತಿ ಗಿರಿಜಾಂಬಾ ಹೇಳಿದರು:

"ಗುಡಿಸೋವಾಗ ಕಾಲೆತ್ತಿ ಕಾಲೆತ್ತಿ ನಿಮಗೂ ಸಾಕಾಯ್ತು, ಹೇಳಿ ಹೇಳಿ ನನಗೂ ಸಾಕಾಯ್ತು. ಊರೋರ ಭಾಷಣ ಎಲ್ಲಾ ಬರೆದ್ರಲ್ಲ, ಅದನ್ನೇ ಮನೇಲಿ ಕೂತು ಬರೀರಿ. ಜನಕ್ಕೆ ಮೈಕ್ ಸಿಗತ್ತೆ, ಮಾತು ಸಿಗಲ್ಲ."

ಬೋರ್ಡಿಗೆ ಏನು ಬರೆಸಬೇಕೆಂಬುದು ದೊಡ್ಡ ಧರ್ಮಸಂಕಟವಾಯಿತು. 'ಭಾಷಣ ಬರೆದುಕೊಡಲಾಗುವುದು' ಎಂದು ಬರೆಸಿದರೆ, ಗೇಟಿನೊಳಗೆ ಕಾಲಿಟ್ಟವರೆಲ್ಲ ಸ್ವಂತವಾಗಿ ಮಾತಾಡಲು ಬಾರದವರೆಂದು ಬೀದಿಗೆ ತಿಳಿದುಹೋಗುತ್ತದೆ. ಆದ್ದರಿಂದ 'ಭಾಷಣ' ಹೋಯಿತು. ಭಾಷಣ ಹೋದಮೇಲೆ 'ಬರೆದುಕೊಡಲಾಗುವುದು' ಎಂಬುದಕ್ಕೂ ಅರ್ಥವಿಲ್ಲವೆಂದು ಅದೂ ಹೋಯಿತು. ಉಳಿದದ್ದು ಇಷ್ಟು:

'ಸದಾಶಿವಯ್ಯ, ಬಿ.ಎ. (ಸಂಜೆ). ಸಂಕೋಚವಿಲ್ಲದೆ ಬನ್ನಿ. ಗೋಪ್ಯತೆ ಕಾಪಾಡಲಾಗುವುದು.'

ಎದುರುಮನೆಯ ಸಿದ್ದಲಿಂಗಸ್ವಾಮಿಯವರು ಉಪ ತಹಶೀಲ್ದಾರರಾಗಿ ನಿವೃತ್ತರಾದವರು. ಬೀದಿಯಲ್ಲಿ ಹೊಸದಾಗಿ ಏನೇ ತಲೆಯೆತ್ತಿದರೂ ಸ್ಥಳ ತನಿಖೆ ಮಾಡದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಅವರು ಬೋರ್ಡಿನ ಮುಂದೆ ನಿಂತು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಏನ್ರೀ ಸದಾಶಿವಯ್ಯ, ಇಂಥದ್ದನ್ನ ನಾನು ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ಮೇಲೆ ನೋಡಿದ್ದೆ. ಸಂಸಾರಸ್ಥರ ಬೀದೀಲಿ ಇದೇನ್ರೀ?"

"ತಪ್ಪು ತಿಳ್ಕೋಬೇಡಿ ಸಾರ್. ಇದು ಮರ್ಯಾದಸ್ಥರ ಕೆಲಸ."

"ಅಲ್ಲಿಗೂ ಮರ್ಯಾದಸ್ಥರೇ ಹೋಗೋದು. ಅದಕ್ಕೇ ಅಲ್ವೇ ಗೋಪ್ಯತೆ? ಸರಿ, ಸಂಜೆ ಎಷ್ಟು ಗಂಟೆಗೆ ತೆಗೀತೀರಿ?"

ಉದಯಗಿರಿಯಿಂದ ಬಂದ ಮೊದಲ ಗಿರಾಕಿ ಒಬ್ಬ ಮೆಕ್ಯಾನಿಕ್ಕು. ಅವನು ಬಾಗಿಲು ಹಾಕಿಸಿ, ದನಿ ತಗ್ಗಿಸಿ, ತನ್ನ ಮೂಲವ್ಯಾಧಿಯ ಪೂರ್ವಾಪರವನ್ನೆಲ್ಲ ಹೇಳಿಕೊಂಡ. ಸದಾಶಿವಯ್ಯನವರು ಶ್ರದ್ಧೆಯಿಂದ ಎಲ್ಲವನ್ನೂ ಬರೆದುಕೊಂಡರು; ವಂದನಾರ್ಪಣೆಗೆ ಇದನ್ನು ಹೇಗೆ ಹೊಂದಿಸುವುದೆಂದು ಮಾತ್ರ ಅವರಿಗೆ ತಿಳಿಯಲಿಲ್ಲ.

ಆದರೂ ನಿಧಾನವಾಗಿ ಸರಿಯಾದವರೂ ಬರತೊಡಗಿದರು. ನಿವೃತ್ತರಾಗಲಿದ್ದ ಬ್ಯಾಂಕಿನ ಮ್ಯಾನೇಜರು ಬಂದರು, ಸನ್ಮಾನ ಸ್ವೀಕರಿಸಬೇಕಾಗಿದ್ದ ಹೆಡ್‌ಮಾಸ್ತರು ಬಂದರು. ತಲೆಗೆ ಮಫ್ಲರ್ ಸುತ್ತಿಕೊಂಡು ಬಂದು, ಬೀದಿಯ ಎರಡೂ ತುದಿ ನೋಡಿಕೊಂಡು ಹೋದರು. ಸಿದ್ದಲಿಂಗಸ್ವಾಮಿಯವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಇಲ್ಲಿ ಸದಾಶಿವಯ್ಯನವರ ಕೆಲಸದ ಕ್ರಮವನ್ನು ಹೇಳಲೇಬೇಕು, ಯಾಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ. ಎಲ್ಲ ಗಿರಾಕಿಗಳೂ ಬಾಲ್ಯದ ಒಂದು ಪ್ರಸಂಗ ಬೇಕೆನ್ನುತ್ತಿದ್ದರು. ಯಾವ ಪ್ರಸಂಗವೆಂದು ಕೇಳಿದರೆ "ಅದನ್ನೆಲ್ಲ ನೀವೇ ಹಾಕ್ಕೊಳ್ಳಿ" ಎನ್ನುತ್ತಿದ್ದರು. ಸದಾಶಿವಯ್ಯನವರಿಗೆ ಸುಳ್ಳು ಬರೆಯಲು ಕೈ ಬರುತ್ತಿರಲಿಲ್ಲ. ನಡೆಯದಿದ್ದದ್ದನ್ನು ನಡೆಯಿತೆಂದು ಬರೆಯುವುದು ಹೇಗೆ? ಬಹಳ ಯೋಚಿಸಿ ಅವರೊಂದು ದಾರಿ ಕಂಡುಕೊಂಡರು. ಪ್ರಸಂಗ ನಿಜವಾಗಿಯೂ ನಡೆದಿರಬೇಕು; ಯಾರಿಗೆ ನಡೆಯಿತೆಂಬುದು ವಿವರದ ಮಾತು. ತಮಗೆ ಖಚಿತವಾಗಿ ಗೊತ್ತಿದ್ದ ನಿಜಪ್ರಸಂಗಗಳು ತಮ್ಮವೇ ಆದ್ದರಿಂದ ಅವನ್ನೇ ಒಂದೊಂದಾಗಿ ಕೊಡತೊಡಗಿದರು. ಅವರು ಸೈಕಲ್ ಕಲಿಯಲು ಹೋಗಿ ಬಿದ್ದದ್ದು ಬ್ಯಾಂಕ್ ಮ್ಯಾನೇಜರಿಗೆ ಹೋಯಿತು. ಅವರ ತಂದೆಯ ಕೊಡೆ ಕಳೆದುಹಾಕಿದ್ದು ಹೆಡ್‌ಮಾಸ್ತರಿಗೆ ಹೋಯಿತು. ಸೀಬೆಮರದಿಂದ ಬಿದ್ದು ಹಲ್ಲು ಮುರಿದದ್ದು ಸಹಕಾರ ಸಂಘದ ಅಧ್ಯಕ್ಷರೊಬ್ಬರ ಪಾಲಾಯಿತು. ಆ ಅಧ್ಯಕ್ಷರ ಹಲ್ಲುಗಳೆಲ್ಲ ಕಟ್ಟಿಸಿದವಾದ್ದರಿಂದ ಯಾರೂ ಪ್ರಶ್ನಿಸಲಿಲ್ಲ.

"ಹಿಂಗೇ ಹಂಚ್ತಾ ಹೋದ್ರೆ ನಿಮಗೆ ಅಂತ ಏನು ಉಳಿಯತ್ತೆ?" ಎಂದು ಗಿರಿಜಾಂಬಾ ಕೇಳಿದರು. "ನಮ್ಮ ಮದುವೆ ವಿಷಯ ಮಾತ್ರ ಯಾರಿಗೂ ಕೊಡಬೇಡಿ. ಅವತ್ತು ಅನ್ನ ಸೀದಿತ್ತು."

ಹೀಗಿರುವಾಗ ಚಿಕ್ಕಣ್ಣ ಬಂದರು.

ಜಲ್ಲಿ, ಮರಳು ಸರಬರಾಜಿನ ಚಿಕ್ಕಣ್ಣ ಮಫ್ಲರ್ ಸುತ್ತಿಕೊಳ್ಳಲಿಲ್ಲ. ಗೇಟಿನ ಮುಂದೆ ಜೀಪು ನಿಲ್ಲಿಸಿ ಹಾರನ್ ಹೊಡೆದೇ ಬಂದರು. ಕಾರ್ಪೊರೇಷನ್ ಚುನಾವಣೆ ಹತ್ತಿರವಾಗಿತ್ತು.

"ಸ್ವಾಮಿ, ಭಾನುವಾರ ಸಮುದಾಯ ಭವನದಲ್ಲಿ ಮಾತೃವಂದನೆ ಇಟ್ಕಂಡಿವ್ನಿ. ವಾರ್ಡಿನ ವಯಸ್ಸಾದ ತಾಯೇರ್ಗೆಲ್ಲ ಒಂದು ಶಾಲು, ಒಂದು ಸ್ಟೀಲ್ ಡಬ್ಬಿ. ನಮ್ಮವ್ವನ್ನ ಸ್ಟೇಜ್ ಮೇಲೆ ಕೂರಿಸಿ ನಾನು ಮಾತಾಡ್ಬೇಕು. ಎಂಗಿರಬೇಕು ಅಂದ್ರೆ, ಡಬ್ಬಿ ಇಸ್ಕೊಂಡೋರು ಡಬ್ಬೀಲೇ ಕಣ್ಣೀರು ಇಡ್ಕೋಬೇಕು!"

"ನಿಮ್ಮ ತಾಯಿಯವರ ಬಗ್ಗೆ ಏನಾದರೂ ಪ್ರಸಂಗ..."

"ಪ್ರಸಂಗ ಎಲ್ಲಾ ನಿಮ್ದೇ ಸ್ವಾಮಿ. ನಮ್ಮವ್ವ ನಂಗೆ ಒಡ್ದಿದ್ದು ಬುಟ್ರೆ ನಂಗೇನೂ ಜ್ಞಾಪಕಿಲ್ಲ."

ಸದಾಶಿವಯ್ಯನವರ ಉಗ್ರಾಣದಲ್ಲಿ ತಾಯಿಯ ಪ್ರಸಂಗವೆಂದು ಉಳಿದಿದ್ದದ್ದು ಒಂದೇ. ಅದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಸಂಜೆ ಕಾಲೇಜಿನ ಕೊನೆಯ ಪರೀಕ್ಷೆಯ ಹಿಂದಿನ ದಿನ ಅವರ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಬೆಳಿಗ್ಗೆ ನೋಡಿದರೆ ಹೊಸಿಲ ಬಳಿ ಅಮ್ಮನ ಚಪ್ಪಲಿ ಜೋಡಿಯಾಗಿ ಕುಳಿತಿತ್ತು. ಹಿಮ್ಮಡಿ ಅರ್ಧ ಹೊರಗಿದ್ದರೂ ಅದನ್ನೇ ಮೆಟ್ಟಿಕೊಂಡು ಹೋಗಿ ಬಿ.ಎ. ಪಾಸಾಗಿದ್ದರು. ಅದನ್ನವರು ತಾಯಿಯ ಮೌನತ್ಯಾಗವೆಂದೇ ಇಂದಿಗೂ ನೆನೆಯುತ್ತಿದ್ದರು. ಕೊಡಲು ಮನಸ್ಸಿರಲಿಲ್ಲ. ಆದರೆ ಒಪ್ಪಿಕೊಂಡ ಕೆಲಸ. 'ಬಿ.ಎ. ಪರೀಕ್ಷೆ' ಎಂಬಲ್ಲಿ ಬರಿ 'ಪರೀಕ್ಷೆ' ಎಂದು ಮಾಡಿದರು. ಚಿಕ್ಕಣ್ಣನವರೂ ಯಾವುದಾದರೂ ಒಂದು ಪರೀಕ್ಷೆ ಬರೆದೇ ಇರುತ್ತಾರೆ ಎಂದು ಆತ್ಮಸಾಕ್ಷಿಗೆ ಸಮಾಧಾನ ಹೇಳಿದರು.

ಭಾನುವಾರ ಬೆಳಿಗ್ಗೆ ಸದಾಶಿವಯ್ಯನವರು ಸ್ನಾನ ಮಾಡಿ ಬರುವಷ್ಟರಲ್ಲಿ ತಾಯಿ ನೀಲಮ್ಮನವರು ಇಳಕಲ್ ಸೀರೆಯುಟ್ಟು, ವಿಭೂತಿಯಿಟ್ಟು, ಜಗಲಿಯ ಮೇಲೆ ಕುಳಿತಿದ್ದರು. ವಾರ್ಡಿನ ವಯಸ್ಸಾದ ತಾಯಂದಿರಲ್ಲಿ ತಮ್ಮ ತಾಯಿಯೂ ಒಬ್ಬರೆಂಬುದು ಅಷ್ಟು ಹೊತ್ತು ಅವರಿಗೆ ಹೊಳೆದೇ ಇರಲಿಲ್ಲ.

"ಅಮ್ಮಾ, ಅಲ್ಲಿ ಬಹಳ ಸೆಖೆ."

"ಫ್ಯಾನ್ ಇದೆಯಂತೆ."

"ಮಂಡಿನೋವು ನಿನಗೆ."

"ಆಟೋ ಕಳಿಸ್ತಾರಂತೆ ಕಣೋ."

"ಡಬ್ಬಿ ತಾನೇ? ನಾನೇ ತಂದುಕೊಡ್ತೀನಿ."

"ನೀನು ತರೋ ಡಬ್ಬಿ ಬೇರೆ, ಸನ್ಮಾನದ ಡಬ್ಬಿ ಬೇರೆ. ನಿನ್ನ ಡಬ್ಬೀಲಿ ಹೆಸರು ಕೊರೆಸಿರ್ತಾರೇನೋ?"

ಗಿರಿಜಾಂಬಾ ಗಂಡನ ಮುಖ ನೋಡಿ, "ಯಾವ ಪ್ರಸಂಗ ಕೊಟ್ಟಿದ್ದೀರಿ?" ಎಂದು ಮೆಲ್ಲಗೆ ಕೇಳಿದರು.

"ಚಪ್ಪಲಿ."

"ಶಿವನೇ," ಎಂದರು ಗಿರಿಜಾಂಬಾ.

ತಾಯಿಗೆ ಕಿವಿ ಅರ್ಧ ಮಂದ. ಸದಾಶಿವಯ್ಯನವರು ಆ ಅರ್ಧದ ಮೇಲೆ ಭರವಸೆಯಿಟ್ಟು ಹೊರಟರು.

ಚಿಕ್ಕಣ್ಣನವರು ತರಿಸಿದ್ದ ಸ್ಪೀಕರುಗಳನ್ನು ಕಂಡಾಗಲೇ ಆ ಭರವಸೆ ಕುಸಿಯಿತು. ಅವು ಬೀರುಗಳಷ್ಟು ಎತ್ತರವಿದ್ದವು. ನೀಲಮ್ಮನವರು ಮೂರನೇ ಸಾಲಿನಲ್ಲಿ, ಒಂದು ಸ್ಪೀಕರಿನ ನೇರ ಎದುರಿಗೆ ಕುಳಿತರು. ವೇದಿಕೆಯ ಮೇಲೆ ಅಧ್ಯಕ್ಷತೆಗೆ ಸಿದ್ದಲಿಂಗಸ್ವಾಮಿಯವರು, ಪಕ್ಕದಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಚಿಕ್ಕಣ್ಣನವರ ತಾಯಿ ಶಿವನಂಜಮ್ಮ. ಕೊರಳಿಗೆ ಹಾಕಿದ ಹಾರ ಗಲ್ಲಕ್ಕೆ ಚುಚ್ಚುತ್ತಿತ್ತೋ ಏನೋ, ಅವರು ಜಗಳಕ್ಕೆ ನಿಂತವರ ಹಾಗೆ ಕುಳಿತಿದ್ದರು.

ಡಬ್ಬಿಗಳ ವಿತರಣೆ ಮುಗಿಯಿತು. ಚಿಕ್ಕಣ್ಣ ಹಾಳೆ ಬಿಚ್ಚಿದರು. ಚೆನ್ನಾಗಿಯೇ ಓದಿದರು.

"ಅಂದು ನನ್ನ ಪರೀಕ್ಷೆ. ಹಿಂದಿನ ಸಂಜೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಬೆಳಿಗ್ಗೆ ನೋಡುತ್ತೇನೆ, ಹೊಸಿಲ ಬಳಿ ನನ್ನ ತಾಯಿಯ ಚಪ್ಪಲಿ ನನಗಾಗಿ ಕಾದಿತ್ತು. ತಾಯಿ ಒಂದು ಮಾತೂ ಆಡಲಿಲ್ಲ. ಆ ಚಪ್ಪಲಿಯೇ ಮಾತಾಡಿತು..."

ಸಭೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಸದಾಶಿವಯ್ಯನವರು ಒಂದು ಗಳಿಗೆ ಭಯ ಮರೆತು, ತಮ್ಮ ವಾಕ್ಯ ಇಷ್ಟು ಚೆನ್ನಾಗಿದೆಯೇ ಎಂದು ಬೆರಗಾದರು. ಆಗಲೇ ಮೂರನೇ ಸಾಲಿನಿಂದ ದನಿಯೊಂದು ಎದ್ದಿತು.

"ಯಾರಪ್ಪಾ ಅದು? ಅದು ನನ್ನ ಚಪ್ಪಲಿ ಕಣಪ್ಪಾ!"

ಚಿಕ್ಕಣ್ಣ ನಿಂತಲ್ಲೇ ನಿಂತರು. ನೀಲಮ್ಮನವರು ಡಬ್ಬಿ ಎದೆಗವಚಿಕೊಂಡು ಎದ್ದು ನಿಂತಿದ್ದರು.

"ನಾನೆಲ್ಲಿ ಕಾಯೋಕಿಟ್ಟಿದ್ದೆ? ಮಾರ್ಕೆಟ್ಟಿಂದ ಬಂದು ಬಿಟ್ಟಿದ್ದೆ, ಅಷ್ಟೆ. ನನ್ನ ಮಗ ಗಾಬರೀಲಿ ಮೆಟ್ಕೊಂಡು ಹೋಗ್ಬುಟ್ಟ! ಆ ಚಪ್ಪಲಿ ಅದೇನು ಮಾತಾಡ್ತೋ ಕಾಣೆ, ನಾನು ಮಾತ್ರ ಬಿಸಿಲಲ್ಲಿ ಬರಿಗಾಲಲ್ಲಿ ಓಡಾಡಿದೆ."

ಸಭೆಯಲ್ಲಿ ನಗು ಹಬ್ಬಿತು. ಸದಾಶಿವಯ್ಯನವರಿಗೆ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ತಮ್ಮ ಜೀವಮಾನದ ಪವಿತ್ರ ನೆನಪು ಬರಿಯ ಗಾಬರಿಯೆಂದು ತಿಳಿದದ್ದು ಮೊದಲನೆಯದು. ಎರಡನೆಯದು ಹಿಂದಿನ ಸಾಲಿನಿಂದ ಬಂತು.

"ಪಾಪ, ಅರಳುಮರಳು."

"ಅರಳೂ ಇಲ್ಲ ಮರಳೂ ಇಲ್ಲ ಕಣಮ್ಮ. ಗಲಾಟೆ ಮಾಡಿದ್ರೆ ಇನ್ನೊಂದು ಡಬ್ಬಿ ಕೊಡ್ತಾರೆ ಅಂತ."

ಸಿದ್ದಲಿಂಗಸ್ವಾಮಿಯವರ ಮುಖದಲ್ಲಿ ನಿವೃತ್ತಿಯ ನಂತರ ಮೊದಲ ಬಾರಿಗೆ ಕಳೆ ಬಂತು. ಅವರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಶಾಂತಿ, ಶಾಂತಿ. ಇಲ್ಲಿ ಒಂದು ಜೊತೆ ಚಪ್ಪಲಿಗೆ ಇಬ್ಬರು ಹಕ್ಕುದಾರರು ಕಾಣಿಸ್ತಿದ್ದಾರೆ. ತಕರಾರು ಬಂದಮೇಲೆ ವಿಚಾರಣೆ ಮಾಡದೆ ಮುಂದೆ ಹೋಗೋ ಹಾಗಿಲ್ಲ. ನೀಲಮ್ಮನವರೇ, ಚಪ್ಪಲಿ ನಿಮ್ಮ ಸ್ವಾಧೀನಾನುಭವದಲ್ಲಿತ್ತು ಅನ್ನೋದಕ್ಕೆ ಸಾಕ್ಷಿ ಇದೆಯಾ?"

"ಸಾಕ್ಷಿ ಯಾಕೆ ಸ್ವಾಮಿ? ಮೆಟ್ಕೊಂಡು ಹೋದೋನೇ ಇಲ್ಲಿ ಕೂತಿದ್ದಾನೆ. ಏಯ್ ಸದಾಶಿವ, ಎದ್ದೇಳೋ! ಹೇಳೋ!"

ಭವನದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಸದಾಶಿವಯ್ಯನವರು ಕುರ್ಚಿಯಲ್ಲಿ ಎಷ್ಟು ಕುಗ್ಗಬಹುದೋ ಅಷ್ಟು ಕುಗ್ಗಿದರು. ಎದ್ದು ನಿಜ ಹೇಳಿದರೆ ಚಿಕ್ಕಣ್ಣನವರ ಭಾಷಣದ ಗುಟ್ಟು ರಟ್ಟಾಗುತ್ತದೆ. ಬೋರ್ಡಿನ ಮಾತು ಸುಳ್ಳಾಗುತ್ತದೆ, ಮತ್ತೆ ಯಾವ ಮಫ್ಲರೂ ಅವರ ಗೇಟಿನ ಕಡೆ ಸುಳಿಯುವುದಿಲ್ಲ. ಸುಮ್ಮನೆ ಕುಳಿತರೆ, ಅಮ್ಮ ಒಂದು ಡಬ್ಬಿಯಾಸೆಗೆ ಸುಳ್ಳಾಡಿದವಳಾಗುತ್ತಾಳೆ. ನೀಲಮ್ಮನವರು ಸುತ್ತ ನಗುತ್ತಿದ್ದವರನ್ನು ನೋಡಿ, ಮಗನನ್ನು ನೋಡಿ, ಕೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಪಕ್ಕದ ಕುರ್ಚಿಯ ಮೇಲೆ ಇಟ್ಟುಬಿಟ್ಟರು.

ಸದಾಶಿವಯ್ಯನವರು ಎದ್ದು ನಿಂತರು. ನಿಂತಮೇಲೆ ಅವರಿಗೆ ನೆನಪಾದದ್ದೇನೆಂದರೆ, ಇಷ್ಟು ಜನರಿಗೆ ಭಾಷಣ ಬರೆದಿದ್ದರೂ ತಾವು ಸಭೆಯಲ್ಲಿ ಎದ್ದು ನಿಂತದ್ದು ಇದೇ ಮೊದಲು.

"ಚಪ್ಪಲಿ ನಮ್ಮಮ್ಮಂದೇ," ಎಂದರು. ದನಿ ಅವರಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. "ಚಪ್ಪಲಿ ನಮ್ಮಮ್ಮಂದೇ. ಮೆಟ್ಕೊಂಡು ಹೋದೋನು ನಾನೇ. ನಮ್ಮಮ್ಮ ಸುಳ್ಳು ಹೇಳಲ್ಲ." ಆಮೇಲೆ ವೃತ್ತಿಧರ್ಮ ನೆನಪಾಗಿ, "ಮಾತು ಮಾತ್ರ ಚಿಕ್ಕಣ್ಣನವರದು," ಎಂದು ಸೇರಿಸಿ ಕುಳಿತರು.

ಕೊಂಡುಕೊಂಡವರದೇ ಮಾತು ಎಂಬ ಅರ್ಥದಲ್ಲಿ ಇದು ಅಕ್ಷರಶಃ ನಿಜ. ಆದರೆ ಸಿದ್ದಲಿಂಗಸ್ವಾಮಿಯವರಿಗೆ ಕಡತ ಇನ್ನೂ ಜಟಿಲವಾಯಿತು. "ಹಾಗಾದ್ರೆ ಚಪ್ಪಲಿ ಇವರಿಂದ ಅವರಿಗೆ ವರ್ಗಾವಣೆ ಆದದ್ದು ಯಾವಾಗ? ಶಿವನಂಜಮ್ಮನವರೇ, ತಮ್ಮ ಹೇಳಿಕೆ?"

ಶಿವನಂಜಮ್ಮ ಅಷ್ಟು ಹೊತ್ತೂ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು. ಈಗ ಹಾರ ತೆಗೆದು ಕುರ್ಚಿಗೆ ಹಾಕಿ ಎದ್ದರು.

"ನಾನೂ ಆಗ್ಲಿಂದ ಅದೇ ಯೋಚ್ನೆ ಮಾಡ್ತಾ ಕುಂತಿವ್ನಿ. ನಾನು ಉಟ್ಟಿದಾಗ್ಲಿಂದ ಚಪ್ಲಿನೇ ಮೆಟ್ದೋಳಲ್ಲ!" ಸೀರೆಯನ್ನು ಎರಡು ಬೆರಳು ಎತ್ತಿ, ಸಭೆಗೆ ಪಾದ ತೋರಿಸಿದರು. ಗದ್ದೆಯ ಬದುವಿನಂತೆ ಬಿರಿದ ಆ ಹಿಮ್ಮಡಿಗಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. "ಲೋ ಚಿಕ್ಕ, ನನ್ನ ಸ್ಟೇಜ್ ಮೇಲೆ ಕುಂಡ್ರಿಸ್ಕಂಡು ಯಾರ್ದೋ ತಾಯಿನ ಒಗಳ್ತಿಯಲ್ಲೋ, ನಾನೇನು ಸತ್ತೋಗಿವ್ನಾ? ಮಡಗು ಆ ಕಾಗ್ದವ! ನನ್ನ ವಿಚಾರ ಏನೈತೋ ಅದ ಏಳು!"

ಚಿಕ್ಕಣ್ಣ ಹಾಳೆ ಮಡಚಿ ಜೇಬಿಗಿಟ್ಟರು. ಮರಳು ಲಾರಿಗಳನ್ನು ಹಗಲುಹೊತ್ತು ನಡುಬೀದಿಯಲ್ಲಿ ನಿಲ್ಲಿಸಬಲ್ಲ ಗಂಡಸು, ಅವ್ವನ ಮುಂದೆ ಕೈಕಟ್ಟಿ ನಿಂತರು.

"ಏನೇಳ್ಲಿ ಅವ್ವ? ನೀನು ಒಡ್ದಿದ್ದು ಏಳ್ಲಾ?"

"ಏಳು! ಸುಮ್ಸುಮ್ನೆ ಒಡುದ್ನಾ?"

"ಏಳನೇ ಕ್ಲಾಸ್ ಪರೀಕ್ಸೆ ದಿನ," ಎಂದು ಚಿಕ್ಕಣ್ಣ ನೆಲ ನೋಡುತ್ತ ಶುರುಮಾಡಿದರು, "ನಾನು ಎಮ್ಮೆ ಮೇಲೆ ಕುಂತ್ಕಂಡು ಕೆರೆಗೆ ಓಗ್ಬುಟ್ಟಿದ್ದೆ. ನಮ್ಮವ್ವ ಕೆರೆಗೇ ಇಳ್ದು, ನನ್ನ ಕಿವಿ ಇಡ್ಕಂಡು, ಅಂಗೇ ಒದ್ದೆ ಚಡ್ಡೀಲಿ ಸ್ಕೂಲ್ಗೆ ತಂದು ಕುಂಡ್ರಿಸುದ್ಲು. ಓಡೋದಾನು ಅಂತ ಕಿಟ್ಕಿ ತಾವು ದೊಣ್ಣೆ ಇಡ್ಕಂಡು ನಿಂತಿದ್ಲು. ಮೇಷ್ಟ್ರು ಅವಳ್ನ ನೋಡಿ ನಂಗಿಂತ ಎದ್ರುಕೊಂಡಿದ್ರು. ಅಷ್ಟೆಲ್ಲಾ ಆಗಿ ನಾನು ಫೇಲು."

ಸಭೆ ಘೊಳ್ಳೆಂದಿತು. ಚಿಕ್ಕಣ್ಣ ತಲೆಯೆತ್ತಿದರು.

"ಮನೆಗೆ ಬಂದು ಬಾರುಸ್ತಾಳೆ ಅನ್ಕಂಡಿದ್ದೆ. ಬಾರುಸ್ನಿಲ್ಲ. ಬೆಲ್ಲ ಇಡ್ಕಂಡು ಊರಿಗೆಲ್ಲ ಓಗಿ, ನನ್ನ ಮಗ ಪಾಸು ಅಂತ ಅಂಚ್ಕಂಡು ಬಂದ್ಲು. ಇವತ್ಗೂ ನಮ್ಮೂರಲ್ಲಿ ನಾನು ಏಳನೇ ಕ್ಲಾಸ್ ಪಾಸು ಸ್ವಾಮಿ. ಅವರ್ಗ್ಯಾರ್ಗೂ ಏಳ್ಬೇಡಿ, ನಮ್ಮವ್ವನ ಮಾತು ಓಯ್ತದೆ."

ಅಷ್ಟು ಹೇಳುವಾಗ ಅವರು ಗದ್ಗದಿತರಾದರು. ಪೆನ್ಸಿಲ್ ಗುರುತಿಲ್ಲದೆಯೇ ಆದರು. ಚಪ್ಪಾಳೆಗೆ ಭವನದ ತಗಡು ಅದುರಿತು. ಶಿವನಂಜಮ್ಮ ನೇರವಾಗಿ ಮೂರನೇ ಸಾಲಿಗೆ ಇಳಿದುಬಂದು, ಕುರ್ಚಿಯ ಮೇಲಿದ್ದ ಡಬ್ಬಿ ಎತ್ತಿ ನೀಲಮ್ಮನವರ ಕೈಗೆ ಕೊಟ್ಟು, "ನಿನ್ನ ಚಪ್ಲಿ ನಿಂಗೇ ಇರ್ಲಿ ಕಣವ್ವ," ಎಂದು ಪಕ್ಕದಲ್ಲೇ ಕುಳಿತುಬಿಟ್ಟರು. ಸಿದ್ದಲಿಂಗಸ್ವಾಮಿಯವರು ತಕರಾರು ರಾಜಿಯಲ್ಲಿ ಇತ್ಯರ್ಥವಾಯಿತೆಂದು ಘೋಷಿಸಿ, ಉಪ್ಪಿಟ್ಟಿಗೆ ಅನುಮತಿ ಕೊಟ್ಟರು.

ಮರುದಿನ ಬೆಳಿಗ್ಗೆ ಸದಾಶಿವಯ್ಯನವರು ಸ್ಕ್ರೂಡ್ರೈವರ್ ಹಿಡಿದು ಬೋರ್ಡು ಬಿಚ್ಚುತ್ತಿದ್ದರು. ಗೋಪ್ಯತೆ ಹೋಯಿತು, ಬರೆದುಕೊಟ್ಟ ಭಾಷಣಕ್ಕಿಂತ ಬರೆಯದ ಭಾಷಣವೇ ಮೇಲೆಂದು ಊರಿಗೇ ರುಜುವಾತಾಯಿತು. ಇನ್ನು ಈ ಕಸುಬು ಯಾರಿಗೆ ಬೇಕು? ಅಷ್ಟರಲ್ಲಿ ಜೀಪಿನ ಹಾರನ್ ಕೇಳಿಸಿತು. ಸದಾಶಿವಯ್ಯನವರು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಕ್ಷಮಾಪಣೆಗೆ ವಾಕ್ಯ ಜೋಡಿಸತೊಡಗಿದರು.

ಚಿಕ್ಕಣ್ಣ ಬಂದವರೇ ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

"ಎಂಥಾ ಪ್ಲಾನು ಸ್ವಾಮಿ! ಎಂಥಾ ಪ್ಲಾನು! ಕೊನೇಗಂಟ ನಂಗೂ ಏಳ್ದೆ ಮಡಗಿದ್ರಲ್ಲ! ಏಳಿದ್ರೆ ನಾನು ಆಕ್ಟಿಂಗ್ ಮಾಡ್ಬುಡ್ತೀನಿ ಅಂತ ತಾನೇ?"

"ಪ್ಲಾನ್ ಅಲ್ಲ ಚಿಕ್ಕಣ್ಣನವರೇ, ಅದು ನನ್ನ ತಪ್ಪಿನಿಂದ..."

"ನಿಮ್ಮ ತಾಯೋರು ಕರೆಕ್ಟ್ ಟೈಮ್ಗೆ ಎದ್ರಲ್ಲ! ನಮ್ಮವ್ವನ್ಗೆ ರೇಗೋ ಅಂಗೆ ಚಪ್ಲಿ ವಿಚಾರ ತಂದ್ರಲ್ಲ! ವಾರ್ಡಲ್ಲೆಲ್ಲ ಅದೇ ಮಾತು. ಬೀದೀಲಿ ನಡುದ್ರೆ ಮಕ್ಳು, ಚಿಕ್ಕಣ್ಣ ಪಾಸು ಅಂತ ಕೂಗ್ತವೆ!"

"ದಯವಿಟ್ಟು ಕೇಳಿ. ನಾನು ಏನೂ ಮಾಡಲಿಲ್ಲ. ಸತ್ಯವಾಗಿ ನನಗೇ ಗೊತ್ತಿರಲಿಲ್ಲ."

ಚಿಕ್ಕಣ್ಣ ವಾಲಿಕೊಂಡಿದ್ದ ಬೋರ್ಡಿನ ಕಡೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

"ಗೋಪ್ಯತೆ! ಅರ್ಥ ಆಯ್ತು ಬುಡಿ. ಬರೋ ಭಾನುವಾರ ಪಕ್ಕದ ವಾರ್ಡಲ್ಲಿ ಸಭೆ ಐತೆ. ಇಂಗೇ ಇನ್ನೊಂದು ಆಗ್ಬೇಕು. ತಾಯೋರ್ನೂ ಕಳಿಸ್ಕೊಡಿ, ಜೀಪ್ ಕಳಿಸ್ತೀನಿ."

ಜಗಲಿಯ ಮೇಲೆ ಸನ್ಮಾನದ ಡಬ್ಬಿಗೆ ಹುರಿಗಡಲೆ ತುಂಬುತ್ತಿದ್ದ ನೀಲಮ್ಮನವರಿಗೆ ಇದೆಲ್ಲ ಪೂರ್ತಿ ಕೇಳಿಸಿತು. ಬೇಕಾದ್ದಕ್ಕೆ ಅವರ ಕಿವಿ ಎಂದೂ ಮೋಸ ಮಾಡಿದ್ದಿಲ್ಲ.

"ಬರ್ತೀನಿ ಕಣಪ್ಪ. ಶಿವನಂಜಮ್ಮನೂ ಬಂದ್ರೆ ಬರ್ತೀನಿ. ಆದ್ರೆ ಮೊದ್ಲು ನನಗೊಂದು ಜೊತೆ ಚಪ್ಪಲಿ ಆಗ್ಬೇಕು."

"ಇರೋ ಚಪ್ಪಲಿಗೆ ಏನಾಯ್ತಮ್ಮ?" ಎಂದರು ಸದಾಶಿವಯ್ಯ.

"ಇದರ ಮಾತಲ್ಲ. ಅವತ್ತು ನೀನು ಮೆಟ್ಕೊಂಡು ಹೋದದ್ದು ವಾಪಸ್ ಎಲ್ಲೋ ಬಂತು? ಸರಸ್ವತಿ ಇರೋ ಜಾಗ ಅಂತ ಪರೀಕ್ಷೆ ಕೋಣೆ ಹೊರಗೆ ಬಿಟ್ಟು, ಅಲ್ಲೇ ಮರೆತು, ನೀನು ಬರಿಗಾಲಲ್ಲಿ ಮನೆಗೆ ಬಂದೆ. ಪಾಸಾಗ್ಲಿ ಪಾಪ ಅಂತ ನಾನು ಸುಮ್ಮನಿದ್ದೆ. ಪಾಸಾದ್ಮೇಲೆ ನೀನೂ ಸುಮ್ಮನಾದೆ."

ಸದಾಶಿವಯ್ಯನವರಿಗೆ ಇದೊಂದು ನೆನಪೇ ಇರಲಿಲ್ಲ. ಬರೆಯುವಾಗ ಇದು ಗೊತ್ತಿದ್ದಿದ್ದರೆ ಪ್ರಸಂಗಕ್ಕೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. ಆದರೆ ಅದನ್ನು ಯಾರಿಗೂ ಕೊಡಬಾರದೆಂದು ಅವರು ಅಲ್ಲೇ ನಿಶ್ಚಯಿಸಿದರು. ಅಮ್ಮನ ಮುಖ ನೋಡಲಾಗದೆ, "ಈಗಲೇ ತರ್ತೀನಮ್ಮ, ಈ ಗಳಿಗೇನೇ ತರ್ತೀನಿ," ಎನ್ನುತ್ತ, ಸ್ಕ್ರೂಡ್ರೈವರನ್ನು ಚಿಕ್ಕಣ್ಣನವರ ಕೈಗೆ ಕೊಟ್ಟು, ಹೊಸಿಲ ಬಳಿ ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು, ದಾಪುಗಾಲು ಹಾಕುತ್ತ ಬೀದಿಗಿಳಿದರು.

ಎದುರುಮನೆಯ ಸಿದ್ದಲಿಂಗಸ್ವಾಮಿಯವರು ಅವರ ಕಾಲನ್ನು ನೋಡಿ, ತನಿಖೆಗೆ ಹೊಸ ವಿಷಯ ಸಿಕ್ಕಿತೆಂದು ಕನ್ನಡಕ ಒರೆಸಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಗಿರಿಜಾಂಬಾ ಬಾಗಿಲಿಗೆ ಬಂದು ಕೂಗಿದರು:

"ರೀ! ನಿಂತ್ಕೊಳ್ರೀ! ಅದು ನನ್ನ ಚಪ್ಪಲಿ!"